ಸರಕು ಬಲ್ಲವರೇ ಮಾರಬಲ್ಲರು

ತುಮಕೂರಿನ ಬಟವಾಡಿಯಲ್ಲಿ ಅಡಿಕೆ, ಹುಣಸೆ, ರಾಗಿಯ ವಹಿವಾಟು ನಡೆಯುವ ಕೃಷಿ ಮಾರುಕಟ್ಟೆಯ ಪ್ರಾಂಗಣವಿದೆ. ಅಲ್ಲಿಂದ ತೀರಾ ದೂರವಲ್ಲದೆ, 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಒಂದೇ ಊರಿನ ಈ ಎರಡು ಲೋಕಗಳಿಗೆ ಪರಸ್ಪರ ಮಾತುಕತೆಯಿಲ್ಲ. ಎಂಜಿನಿಯರಿಂಗ್ ಓದಿದ ಮಗ ಮಾರ್ಕೆಟಿಂಗ್ ಕೆಲಸ ಹಿಡಿದರೆ ಓದಿಸಿದ್ದು ವ್ಯರ್ಥವಾಯಿತೆಂದು ಕೊರಗುವ ತಂದೆತಾಯಿಯರನ್ನು ನಾನು ಬಹಳ ಕಂಡಿದ್ದೇನೆ. ಕೋಡ್ ಬರೆಯಲು ಬಾರದವರ ಕಡೆಯ ಆಸರೆ ಅದು ಎಂಬುದು ಅವರ ಎಣಿಕೆ. ಮಾಹಿತಿ ತಂತ್ರಜ್ಞಾನದ ಇತಿಹಾಸ ಹೇಳುವುದೇ ಬೇರೆ.

ನಂದನ್ ನಿಲೇಕಣಿಯವರು ಬಾಂಬೆ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. 1981ರಲ್ಲಿ ಇನ್ಫೊಸಿಸ್ ಸ್ಥಾಪಿಸಿದ ಏಳು ಮಂದಿಯಲ್ಲಿ ಒಬ್ಬರು. ಸಂಸ್ಥೆ ಬೆಳೆಯುವ ಕಾಲದಲ್ಲಿ ಮಾರಾಟ ಮತ್ತು ಮಾರುಕಟ್ಟೆಯ ಹೊಣೆ ಅವರ ಹೆಗಲಿಗೇರಿತ್ತು. ದೂರವಾಣಿಗೇ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಿಂದ ಹೋಗಿ, ಇನ್ನೂ ಮಾಡಿರದ ಕೆಲಸವನ್ನು ಅಮೆರಿಕದವರಿಗೆ ಮಾರಬೇಕಿತ್ತು. ಕೊಡಲು ಕೈಯಲ್ಲಿದ್ದುದು ಮಾತೊಂದೇ. ಆ ಮಾತು ಗಡುವಿನೊಳಗೆ ನಿಜವಾಗಬೇಕಿತ್ತು. ತಂತ್ರಜ್ಞಾನ ಅರಿಯದವರಿಗೆ ಇದು ಸಾಧ್ಯವೇ? 2002ರಲ್ಲಿ ಅವರು ಸಂಸ್ಥೆಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು.

ಮಾರುವ ವಿದ್ಯೆಯಲ್ಲಿ ‘ಇಲ್ಲ’ ಎನ್ನುವುದೂ ಸೇರಿದೆ. 1995ರ ಪ್ರಸಂಗವೊಂದನ್ನು ನಾರಾಯಣ ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಸ್ಮರಿಸಿದ್ದರು. ವರಮಾನದ ಶೇ 25ರಷ್ಟನ್ನು ತರುತ್ತಿದ್ದ ಗ್ರಾಹಕ ಸಂಸ್ಥೆಯೊಂದು ದರ ಇಳಿಸಲು ಪಟ್ಟು ಹಿಡಿದಾಗ ಇನ್ಫೊಸಿಸ್ ಆ ವ್ಯವಹಾರವನ್ನೇ ಬಿಟ್ಟುಕೊಟ್ಟಿತು. ಒಬ್ಬ ಗ್ರಾಹಕನನ್ನೇ ಅತಿಯಾಗಿ ನೆಚ್ಚಬಾರದೆಂಬ ನಿಯಮ ಅಂದಿನಿಂದ ಬಿಗಿಯಾಯಿತು.

ಈ ಪಾಠ ಬಟವಾಡಿಗೆ ಹೊಸದೇನಲ್ಲ. ಕೊಳ್ಳುವವನೊಬ್ಬನೇ ಆದಾಗ ರೈತನ ಗತಿಯೇನೆಂದು ಪ್ರಾಂಗಣದ ಹಮಾಲರೂ ಹೇಳಬಲ್ಲರು. ರಾಜ್ಯ ಸರ್ಕಾರ 2014ರಲ್ಲಿ ತಂದ ಏಕೀಕೃತ ಆನ್‌ಲೈನ್ ಮಾರುಕಟ್ಟೆಯ ಉದ್ದೇಶವೂ ಅದೇ: ಕೊಳ್ಳುವವರ ಸಂಖ್ಯೆ ಹೆಚ್ಚಲಿ, ದರ ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೈತನಲ್ಲೇ ಉಳಿಯಲಿ ಎಂಬುದು. ಆದರೆ ಕಂಪ್ಯೂಟರ್ ತಂದಿಟ್ಟ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ. ಇದರಿಂದ ತನಗೇನು ಲಾಭವೆಂದು ಕೇಳುವ ರೈತನಿಗೆ ಅವನ ಭಾಷೆಯಲ್ಲಿ ಉತ್ತರಿಸುವವರು ಬೇಕು. ತಂತ್ರಜ್ಞಾನದ ಮಾರ್ಕೆಟಿಂಗ್ ಎಂದರೆ ಮೂಲತಃ ಇದೇ.

ಇದು ಸುಲಭದ ಹಾದಿಯೆಂದು ನಾನು ಹೇಳುತ್ತಿಲ್ಲ. ತಿಂಗಳ ಗುರಿ ತಪ್ಪಿದವರ ಕೆಲಸಕ್ಕೆ ಭದ್ರತೆಯಿಲ್ಲ. ಗುರಿ ಮುಟ್ಟುವ ಆತುರದಲ್ಲಿ ಆಗದ್ದನ್ನು ಆಗುತ್ತದೆಂದು ಒಪ್ಪಿ ಬರುವವರಿದ್ದಾರೆ. ಅದರ ಬೆಲೆಯನ್ನು ಕೋಡ್ ಬರೆಯುವವರು ನಿದ್ದೆಗೆಟ್ಟು ತೆರುತ್ತಾರೆ. ಆದ್ದರಿಂದಲೇ ಈ ಕ್ಷೇತ್ರಕ್ಕೆ ಸರಕಿನ ಮಿತಿ ಬಲ್ಲ ಪ್ರಾಮಾಣಿಕರು ಬೇಕು.

ನಮ್ಮ ಕಾಲೇಜುಗಳು ವಿದ್ಯಾರ್ಥಿಗಳನ್ನು ಒಂದು ವಾರವಾದರೂ ಕೃಷಿ ಮಾರುಕಟ್ಟೆಗೆ ಕಳುಹಿಸಲಿ. ತಾವು ಕಲಿತದ್ದನ್ನು ರೈತನೊಬ್ಬನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಅವನ ಪ್ರಶ್ನೆಗಳನ್ನು ಎದುರಿಸಲಿ. ಅಲ್ಲಿ ತೇರ್ಗಡೆಯಾದವರು ಜಗತ್ತಿನ ಯಾವ ಗ್ರಾಹಕನ ಮುಂದೆಯೂ ತಡವರಿಸಲಾರರು.