ನಾತದ ಜಾಡು ಹಿಡಿಯುವವರು

ಆಫೀಸಿನಲ್ಲಿ ಕೆಟ್ಟ ವಾಸನೆ ಎದ್ದಿತೆಂದರೆ ಮೊದಲು ಹೊರಬರುವುದು ರೂಮ್ ಫ್ರೆಶ್‌ನರ್ ಡಬ್ಬಿ. ಪುಸ್ಸೆಂದು ಒಂದು ಸುತ್ತು ಹೊಡೆದರೆ ಹತ್ತು ನಿಮಿಷ ಮಲ್ಲಿಗೆ. ಆಮೇಲೆ ಮಲ್ಲಿಗೆಯೂ ನಾತವೂ ಜೊತೆಜೊತೆಯಾಗಿ. ಈ ಕಸುಬನ್ನು ನಿಜವಾಗಿ ಬಲ್ಲವರು ಡಬ್ಬಿ ಮುಟ್ಟುವುದು ಕಡಿಮೆ. ಮುಟ್ಟಿದರೆ ಜಾಡು ಕೆಡುತ್ತದೆ. ನಾತ ಎಲ್ಲಿಂದ ಏಳುತ್ತಿದೆ ಎಂದು ಹುಡುಕುವುದೇ ಅವರ ಕೆಲಸದ ಮುಕ್ಕಾಲು ಪಾಲು. ಉಜ್ಜುವುದು, ತೊಳೆಯುವುದು ಉಳಿದ ಕಾಲು ಭಾಗ.

ನಮ್ಮ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಹೆಂಗಸೊಬ್ಬರಿದ್ದಾರೆ. ಮ್ಯಾನೇಜರಿಂದ ಹಿಡಿದು ಸೆಕ್ಯುರಿಟಿಯವರ ತನಕ ಎಲ್ಲರಿಗೂ ಅವರು ಅಕ್ಕ. ವಾಸನೆಯ ದೂರು ಹೋದರೆ ಅವರು ಕೂಡಲೇ ಓಡಿಬರುವುದಿಲ್ಲ. ಮರುದಿನ ಬೆಳಿಗ್ಗೆ, ಎಸಿ ಶುರುವಾಗುವ ಮೊದಲು, ಯಾರೂ ಬಾರದ ಹೊತ್ತಿನಲ್ಲಿ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತು ಉಸಿರೆಳೆದುಕೊಳ್ಳುತ್ತಾರೆ. “ಮೊದಲ ಎರಡು ಉಸಿರು ಮಾತ್ರ ಲೆಕ್ಕ ಸಾರ್. ಆಮೇಲೆ ಮೂಗು ಒಗ್ಗಿಹೋಗುತ್ತೆ, ಅದರ ಮಾತು ಕೇಳಬಾರದು” ಅನ್ನುತ್ತಾರೆ. ಮೂಗಿನ ಸ್ವಭಾವವೇ ಹಾಗೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ನಾತದ ಪಕ್ಕದ ಸೀಟಿನವನು “ನನಗೇನೂ ಬರ್ತಿಲ್ಲವಲ್ಲ” ಎಂದು ವಾದಿಸುವುದು ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಬರುತ್ತಿರುವುದಿಲ್ಲ. ಒಂದು ಕೋಣೆಯಲ್ಲಿ ಇಷ್ಟು ಜನ ಕೂತರೆ ಎಷ್ಟು ಹೊರಗಾಳಿ ಬೇಕು ಎಂದು 1936ರಲ್ಲಿ ಹಾರ್ವರ್ಡ್‌ನಲ್ಲಿ ಯಾಗ್ಲೂ ಮತ್ತು ಜೊತೆಗಾರರು ಅಳೆದಾಗಲೂ ತೀರ್ಪು ಕೇಳಿದ್ದು ಹೊರಗಿನಿಂದ ಆಗತಾನೇ ಒಳಬಂದವರನ್ನು.

ಅಕ್ಕನ ಎರಡನೇ ಹೆಜ್ಜೆ, ಆ ವಾಸನೆ ಯಾವ ಜಾತಿಯದು ಎಂದು ಗುರುತಿಸುವುದು. ಮುಗ್ಗಲು ವಾಸನೆಯಾದರೆ ಎಸಿಯನ್ನೋ ಕಾರ್ಪೆಟ್ಟನ್ನೋ ನೋಡಬೇಕು. ಕಣ್ಣಿಗೆ ಹತ್ತುವ ಘಾಟಾದರೆ ಯೂರಿನಲ್. ಕಮಟು ಪ್ಯಾಂಟ್ರಿಯ ಎಣ್ಣೆ ಜಿಡ್ಡಿನದು. ಸ್ವಲ್ಪ ಸಿಹಿ ಬೆರೆತ, ಹೊಟ್ಟೆ ತೊಳಸುವ ಕೊಳೆತ ನಾತವಾದರೆ ತಲೆಯೆತ್ತಿ ಫಾಲ್ಸ್ ಸೀಲಿಂಗ್ ನೋಡಬೇಕು, ನೊಣ ಎಲ್ಲಿ ಸುತ್ತುತ್ತಿದೆಯೋ ಆ ಹಲಗೆಯ ಮೇಲೆ ಇಲಿ ಸತ್ತಿರುತ್ತದೆ. (ಇಲಿ ಪಾಷಾಣ ಇಡಬೇಡಿ, ಬೋನಿಡಿ ಎಂದು ಅಕ್ಕ ಜಗಳ ಕಾಯುವುದು ಇದಕ್ಕೇ. ಪಾಷಾಣ ತಿಂದ ಇಲಿ ಎಲ್ಲಿ ಹೋಗಿ ಸಾಯುತ್ತದೆಂದು ಯಾರಿಗೂ ಹೇಳಿ ಹೋಗುವುದಿಲ್ಲ.) ಕೊಳೆತ ಮೊಟ್ಟೆಯ ವಾಸನೆಯಾದರೆ ಚರಂಡಿ ಗಾಳಿ. ಅದು ಬಂದರೆ ಅಕ್ಕ ಒಂದು ಮಗ್ ನೀರು, ಒಂದು ಟಾರ್ಚು ಹಿಡಿದು ಹೊರಡುತ್ತಾರೆ.

ಒಮ್ಮೆ ಅವರ ಹಿಂದೆ ಹೋಗಿ ನೋಡಿದೆ. ಮೀಟಿಂಗ್ ರೂಮಿನ ಪಕ್ಕದಲ್ಲಿ ಯಾರೂ ಬಳಸದ ಒಂದು ಟಾಯ್ಲೆಟ್ಟು. ನೆಲ ಫಳಫಳ ಅನ್ನುತ್ತಿತ್ತು, ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದರು, ಆದರೂ ನಾತ. ಅಕ್ಕ ಮೂಲೆಯಲ್ಲಿ ಮಂಡಿಯೂರಿ ಕೂತು ಸ್ಕ್ರೂಡ್ರೈವರ್ ತುದಿಯಿಂದ ನೆಲದ ಜಾಲರಿ ಎಬ್ಬಿಸಿ ಟಾರ್ಚು ಬಿಟ್ಟರು. ಒಳಗೆ ನೀರು ಇದ್ದಿದ್ದರೆ ಬೆಳಕು ಮಿಣುಕಬೇಕಿತ್ತು. ಮಿಣುಕಲಿಲ್ಲ. ಬರೀ ಒಣಗಿದ ಕೆಸರಿನ ಬಿರುಕು. ಮಗ್ಗಿನ ನೀರು ಸುರಿದರು, ಬೆಳಕು ಮಿಣುಕಿತು, ಜಾಲರಿ ಮುಚ್ಚಿದರು. ಅರ್ಧ ಗಂಟೆಯಲ್ಲಿ ನಾತ ಮಾಯ. ಖರ್ಚು ಒಂದು ಮಗ್ ನೀರು.

ಅದು ನಹಾನಿ ಟ್ರ್ಯಾಪ್. ಬಚ್ಚಲು, ಸಿಂಕು, ಕಮೋಡು, ಎಲ್ಲದರ ಕೆಳಗೂ ಕೊಳವೆ ಒಂದು ಕಡೆ ಬಗ್ಗಿ ಮೇಲೆದ್ದಿರುತ್ತದೆ. ಆ ಬಾಗಿನಲ್ಲಿ ಸದಾ ನಿಲ್ಲುವ ಒಂದಿಷ್ಟು ನೀರೇ ಚರಂಡಿಗೂ ನಮಗೂ ನಡುವಿನ ಬಾಗಿಲು. ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಎರಡು ಬೆರಳು ಆಳದ ನೀರು. ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಇಂಥ ಬಾಗು ಕೊಳವೆಯ ಕಕ್ಕಸಿಗೆ ಪೇಟೆಂಟ್ ಪಡೆದ. ಆಚೆಗೆ ಎಷ್ಟೋ ಬಂದರೂ ಈ ಉಪಾಯವನ್ನು ಮೀರಿಸಿದ್ದು ಇಲ್ಲ. ಇದರಲ್ಲಿ ಚಲಿಸುವ ಭಾಗವೇ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಇದಕ್ಕೆ ಬೇಕಾದ್ದು ಬಳಕೆ ಮಾತ್ರ. ವಾರಗಟ್ಟಲೆ ಯಾರೂ ನೀರು ಬಿಡದಿದ್ದರೆ ಆ ಎರಡು ಬೆರಳು ನೀರು ಆವಿಯಾಗುತ್ತದೆ, ಬೆಂಗಳೂರಿನ ಮಾರ್ಚ್–ಏಪ್ರಿಲ್ ಒಣಹವೆಯಲ್ಲಂತೂ ಬೇಗನೆ. ಕೋವಿಡ್ ಲಾಕ್‌ಡೌನ್ ಮುಗಿದು ಬಾಗಿಲು ತೆರೆದ ಆಫೀಸುಗಳಲ್ಲಿ ಎದುರಾದ ನಾತಕ್ಕೆ ಬಹುಪಾಲು ಇದೇ ಕಾರಣ. ಈಗ ನಮ್ಮಲ್ಲಿ ಪ್ರತಿ ಸೋಮವಾರ ಬಳಸದ ಎಲ್ಲ ಜಾಲರಿಗೂ ಒಂದೊಂದು ಬಕೆಟ್ ನೀರು. ತೀರಾ ಮೂಲೆಯವಕ್ಕೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ. ಎಣ್ಣೆಯ ಪದರ ನೀರನ್ನು ಬೇಗ ಆವಿಯಾಗಲು ಬಿಡುವುದಿಲ್ಲ.

ಟ್ರ್ಯಾಪ್ ತುಂಬಿದ್ದೂ ನಾತ ಬಂದರೆ ಆಟ ಬೇರೆ. ಕೂದಲು ಸಿಕ್ಕಿಕೊಳ್ಳುತ್ತದೆಂದು ಯಾರಾದರೂ ಜಾಲರಿಯ ಕೆಳಗಿನ ಕಪ್ಪನ್ನೇ ಕಿತ್ತು ಎಸೆದಿರಬಹುದು. ಅದನ್ನು ಎಸೆದರೆ ಆ ಬಾಗಿಲನ್ನೇ ಕಿತ್ತ ಹಾಗೆ. ಇಲ್ಲವೇ ಮೇಲಿನ ಮಹಡಿಯಲ್ಲಿ ಒಮ್ಮೆಲೇ ನೀರು ಬಿಟ್ಟಾಗ ಎಳನೀರಿಗೆ ಸ್ಟ್ರಾ ಹಾಕಿ ಹೀರಿದಂತೆ ಕೆಳಗಿನ ಟ್ರ್ಯಾಪಿನ ನೀರು ಹೀರಿಹೋಗುತ್ತಿರಬಹುದು. ಹಾಗಾಗದಿರಲೆಂದೇ ಕೊಳವೆಗೆ ತಾರಸಿಯ ಮೇಲೊಂದು ಗಾಳಿಯಾಡುವ ಬಾಯಿ ಬಿಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಸಿಂಕು ಗುಳುಗುಳು ಎಂದು ದೂರು ಹೇಳುತ್ತದೆ. ಕೊಳವೆಯ ಕೀಲು ಬಿಟ್ಟಿರುವ ಅನುಮಾನ ಬಂದರೆ ಪ್ಲಂಬರ್ ಮೇಸ್ತ್ರಿ ಬರುತ್ತಾರೆ, ಜೇಬಿನಲ್ಲಿ ಒಂದು ಊದುಕಡ್ಡಿ. ಫ್ಯಾನು, ಎಸಿ ಎಲ್ಲ ಆರಿಸಿ ಕಡ್ಡಿಯನ್ನು ಜಾಲರಿಯ ಮೇಲೆ, ಕಮೋಡಿನ ಬುಡದಲ್ಲಿ, ಕೊಳವೆ ಗೋಡೆ ಹೊಕ್ಕ ಕಡೆ ಒಂದೊಂದಾಗಿ ಹಿಡಿಯುತ್ತಾರೆ. ನೆಟ್ಟಗೆ ಏಳುವ ಹೊಗೆ ಎಲ್ಲಿ ಪಕ್ಕಕ್ಕೆ ತಳ್ಳಿಸಿಕೊಂಡಿತೋ ಅಲ್ಲಿ ಗಾಳಿ ಹೊರಬರುತ್ತಿದೆ. ಇದಕ್ಕೂ ಹಳೆಯ, ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ, ಹತ್ತೊಂಬತ್ತನೇ ಶತಮಾನದ ಪಾಶ್ಚಾತ್ಯ ಪ್ಲಂಬರುಗಳದು. ಒಬ್ಬ ತಾರಸಿಗೆ ಹತ್ತಿ ಕೊಳವೆಯ ಬಾಯಿಗೆ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಹಾಕಿ ಬಿಸಿನೀರು ಸುರಿಯುತ್ತಾನೆ. ಇನ್ನೊಬ್ಬ ಕೆಳಗೆ ಕೋಣೆಕೋಣೆ ಮೂಸುತ್ತ ಹೋಗುತ್ತಾನೆ. ಪೆಪ್ಪರ್‌ಮಿಂಟ್ ಘಮ ಎಲ್ಲಿ ಬಂತೋ ಅಲ್ಲಿ ಸೋರಿಕೆ. ನಿಯಮ ಒಂದೇ: ಎಣ್ಣೆ ಸುರಿದವನು ಪರೀಕ್ಷೆ ಮುಗಿಯುವ ತನಕ ಕೆಳಗೆ ಇಳಿಯಕೂಡದು. ಅವನ ಕೈಯ ವಾಸನೆಯೇ ಮನೆಯನ್ನೆಲ್ಲ ತುಂಬಿ ಲೆಕ್ಕ ತಪ್ಪಿಸುತ್ತದೆ.

ಮೂಲ ಬಿಟ್ಟು ಮೇಲೆ ಸುಗಂಧ ಸಿಂಪಡಿಸುವ ಚಪಲ ನಮ್ಮ ಕಾಲದ್ದೇನಲ್ಲ. 1858ರ ಜೂನ್‌ನಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರಿತೆಂದರೆ ದಂಡೆಯಲ್ಲೇ ಇರುವ ಪಾರ್ಲಿಮೆಂಟಿನಲ್ಲಿ ಸದಸ್ಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂರಬೇಕಾಯಿತು. ಮೊದಲ ಉಪಾಯವಾಗಿ ಪರದೆಗಳನ್ನು ಕ್ಲೋರೈಡ್ ಆಫ್ ಲೈಮಿನಲ್ಲಿ, ಅಂದರೆ ನಮ್ಮ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ಕಿಟಕಿಗೆ ತೂಗುಬಿಟ್ಟರು. ಅದರಿಂದ ಏನೂ ಆಗಲಿಲ್ಲ. ತಮಾಷೆಯೆಂದರೆ ಕಮಿಂಗನ ಬಾಗು ಕೊಳವೆ ಮನೆಯೊಳಗಿನ ನಾತ ತಡೆದು, ಫ್ಲಷ್ ಕಕ್ಕಸುಗಳನ್ನು ಜನಪ್ರಿಯಗೊಳಿಸಿ, ಊರಿನ ಹೊಲಸನ್ನೆಲ್ಲ ನದಿಗೆ ಕಳಿಸುವುದಕ್ಕೂ ದಾರಿ ಮಾಡಿತ್ತು. ವರ್ಷಗಟ್ಟಲೆ ಎಳೆದಾಡಿದ್ದ ಸದಸ್ಯರು ನಾತ ತಮ್ಮ ಮೇಜಿಗೇ ಬಂದಾಗ ಅದೇ ಆಗಸ್ಟ್ ಹೊತ್ತಿಗೆ ಕಾನೂನು ಮಾಡಿ ಮುಗಿಸಿದರು. ಎಂಜಿನಿಯರ್ ಜೋಸೆಫ್ ಬ್ಯಾಝಲ್ಜೆಟ್ ಒಳಚರಂಡಿ ಕಟ್ಟಿ ಹೊಲಸನ್ನು ಊರಾಚೆಗೆ, ನದಿಯ ಕೆಳಹರಿವಿಗೆ ಸಾಗಿಸಿದ.

ಎಸಿಯ ನಾತಕ್ಕೆ ಬರೋಣ. ಎಸಿ ತಂಪು ಮಾಡುವಾಗ ಅದರ ಕಾಯಿಲ್ ಮೇಲೆ ನೀರು ಹನಿಗಟ್ಟುತ್ತದೆ. ಅಲ್ಲಿ ಧೂಳು ಕೂತು ಲೋಳೆ ಬೆಳೆದರೆ ಒದ್ದೆ ಕಾಲ್ಚೀಲದ ವಾಸನೆ ಏಳುತ್ತದೆ. ಫಿಲ್ಟರ್ ತೊಳೆದು, ಕಾಯಿಲ್ ಸ್ವಚ್ಛಮಾಡಿ, ನೀರು ನಿಲ್ಲುವ ತಟ್ಟೆ ಖಾಲಿ ಮಾಡಿದರೆ ಮುಗಿಯಿತು, ಅದು ಸುಲಭದ್ದು. ಕಷ್ಟದ್ದು ಇನ್ನೊಂದು. ಎಸಿ ಹಾಕಿದಾಗ ಮಾತ್ರ ಕೊಳೆತ ಮೊಟ್ಟೆ ನಾತ ಬಂದರೆ, ಅದರ ನೀರು ಹೋಗುವ ಸಣ್ಣ ಪೈಪನ್ನು ಯಾರೋ ಪುಣ್ಯಾತ್ಮರು ಬಾಗು ಬಿಡದೆ ನೇರ ಬಚ್ಚಲ ಕೊಳವೆಗೆ ಜೋಡಿಸಿರುತ್ತಾರೆ. ಎಸಿ ಹೊರಗೆಸೆಯುವ ನೀರಿನ ದಾರಿಯಲ್ಲೇ ಚರಂಡಿ ಗಾಳಿ ಒಳಬರುತ್ತದೆ, ಫ್ಯಾನು ಅದನ್ನು ಆಫೀಸಿಗೆಲ್ಲ ಸಮನಾಗಿ ಹಂಚುತ್ತದೆ. ಈ ತಪ್ಪನ್ನು ಹುಡುಕಲು ಮೂಗಿಗಿಂತ ಹೊತ್ತಿನ ಲೆಕ್ಕವೇ ಹೆಚ್ಚು ಉಪಯೋಗ: ಯಾವಾಗ ಬರುತ್ತದೆ, ಯಾವಾಗ ಇಲ್ಲ.

ಇನ್ನು ಉಜ್ಜುವ ತೊಳೆಯುವ ಭಾಗ. ಅಕ್ಕ ಮೊದಲು ಮೂಸುವುದು ಮಾಪನ್ನು. ಬಕೆಟ್ಟಿನಲ್ಲೇ ರಾತ್ರಿಯಿಡೀ ನೆನೆದ ಮಾಪಿನಿಂದ ಒರೆಸಿದರೆ ನೆಲಕ್ಕೆ ನಾತ ಬಳಿದಂತೆಯೇ. ಒಣಗದ ಬಟ್ಟೆಯ ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ನಮ್ಮ ಅಜ್ಜಿಯರು ಒರೆಸುವ ಬಟ್ಟೆಯನ್ನು ಬಿಸಿಲಿಗೆ ಹರವುತ್ತಿದ್ದುದು ಅದಕ್ಕೆ ಸಾಕಷ್ಟು ಒಳ್ಳೆಯ ಉತ್ತರ. ಯೂರಿನಲ್‌ನ ಘಾಟು ಅಮೋನಿಯಾದ್ದು. ತಾಜಾ ಮೂತ್ರಕ್ಕೆ ಅಷ್ಟು ನಾತವಿಲ್ಲ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದಾಗ ಅಮೋನಿಯಾ ಏಳುತ್ತದೆ, ಅವು ಮನೆಮಾಡಿಕೊಳ್ಳುವುದು ಹಳದಿ ಬಣ್ಣದ ಗಟ್ಟಿ ಪದರದಲ್ಲಿ. ಆ ಪದರ ಕರಗಲು ಆಮ್ಲ ಬೇಕು. ಅದು ಕೂತಿರುವಾಗ ಮೇಲೆ ಎಷ್ಟು ಫಿನಾಯಿಲ್ ಸುರಿದರೂ, ಎಷ್ಟು ನುಸಿಗುಳಿಗೆ ಹಾಕಿದರೂ ವ್ಯರ್ಥ. ಒಂದು ವಿಷಯದಲ್ಲಿ ಅಕ್ಕ ಹುಡುಗರ ಮೇಲೆ ಕೂಗಾಡುತ್ತಾರೆ: ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ. ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರ್ ಯುದ್ಧಭೂಮಿಯಲ್ಲಿ ಜರ್ಮನ್ ಸೈನ್ಯ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ.

ಪ್ಯಾಂಟ್ರಿಯ ಮೈಕ್ರೋವೇವ್ ಇನ್ನೊಂದು ದೊಡ್ಡ ಜಗಳದ ಜಾಗ. ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್ ಎಂಬ ಕ್ಷಾರ. ಆಮ್ಲ ತಾಗಿದರೆ ಅದು ಗಾಳಿಗೆ ಹಾರದ ಉಪ್ಪಾಗುತ್ತದೆ. ಮೀನಿಗೆ ನಿಂಬೆ ಹಿಂಡುವುದರಲ್ಲೂ, ಒಂದು ಬಟ್ಟಲು ನೀರಿಗೆ ನಿಂಬೆಹೋಳು ಹಾಕಿ ಮೈಕ್ರೋವೇವ್‌ನಲ್ಲಿ ಕುದಿಸಿ ಒರೆಸುವುದರಲ್ಲೂ ಇರುವ ರಸಾಯನ ಒಂದೇ. ಹುಳಿ ಹಿಡಿದ ಹಾಲಿನಂಥ ಆಮ್ಲದ ವಾಸನೆಗೆ ಇದರ ತಿರುವುಮುರುವು, ಅಡಿಗೆ ಸೋಡ. ಆದರೆ ಪ್ಯಾಂಟ್ರಿ ಬಾಗಿಲಿಗೆ ‘ಇಲ್ಲಿ ಮೀನು ಬಿಸಿಮಾಡಬಾರದು’ ಎಂಬ ಚೀಟಿ ಅಂಟಿಸುವವರ ಜೊತೆ ನಾನಿಲ್ಲ. ಬೆಳ್ಳುಳ್ಳಿ ಒಗ್ಗರಣೆಗೆ, ಇಂಗಿನ ಸಾರಿಗೆ ಇಲ್ಲದ ಚೀಟಿ ಮೀನಿಗೆ ಮಾತ್ರ ಏಕೆ? ಒಬ್ಬರ ಊಟ ಇನ್ನೊಬ್ಬರಿಗೆ ನಾತವಾದರೆ ಬೇಕಾದ್ದು ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನು. ಅಕ್ಕನ ಪಟ್ಟಿಯಲ್ಲಿ ಊಟದ ವಾಸನೆ ದೂರಿನ ಕಾಲಮ್ಮಿಗೇ ಹೋಗುವುದಿಲ್ಲ, ಸೀದರೆ ಮಾತ್ರ ಹೋಗುತ್ತದೆ.

ಜನರ ಮೈವಾಸನೆಗೂ ಮೊದಲ ಮದ್ದು ಗಾಳಿಯೇ. ಒಂದು ಕೋಣೆಯ ಗಾಳಿ ಎಷ್ಟು ಹಳಸಿದೆ ಎಂದು ಕಾರ್ಬನ್ ಡೈಆಕ್ಸೈಡ್‌ನಿಂದ ಅಳೆಯಬಹುದು, ಹತ್ತು ಲಕ್ಷಕ್ಕೆ ಸಾವಿರ ಪಾಲು ಮೀರಬಾರದು ಎಂದು ಜರ್ಮನಿಯ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಹೇಳಿದ್ದೂ ಥೇಮ್ಸ್ ನಾರಿದ ಅದೇ 1858ರಲ್ಲಿ. ಈಗಿನ ಮೀಟಿಂಗ್ ರೂಮುಗಳ ಗೋಡೆಯ ಮೇಲೆ ಮಿಣುಕುವ ಮೀಟರುಗಳು ಆ ಲೆಕ್ಕದ ಮೊಮ್ಮಕ್ಕಳು. ಡೆನ್ಮಾರ್ಕಿನ ಓಲೆ ಫ್ಯಾಂಗರ್ 1988ರಲ್ಲಿ ವಾಸನೆಗೊಂದು ಮಾನವೇ ಮಾಡಿಕೊಟ್ಟ, ಹೆಸರು ‘ಓಲ್ಫ್’. ಸುಮ್ಮನೆ ಕೂತು ಕೆಲಸ ಮಾಡುವ, ದಿನಕ್ಕೆ ಸರಾಸರಿ 0.7 ಸ್ನಾನ ಮಾಡುವ ಒಬ್ಬ ಮನುಷ್ಯನಿಂದ ಬರುವಷ್ಟು ವಾಸನೆ ಒಂದು ಓಲ್ಫ್. ದಿನಕ್ಕೆ ಮುಕ್ಕಾಲೂ ಮುಟ್ಟದ ಸ್ನಾನವನ್ನು ನಮ್ಮ ಕಡೆಯ ಹಿರಿಯರು ಸ್ನಾನವೆಂದು ಒಪ್ಪುತ್ತಿದ್ದರೋ ಇಲ್ಲವೋ. ಗಾಳಿ ಬಿಟ್ಟ ಮೇಲೂ ಒಬ್ಬರೇ ಸಹೋದ್ಯೋಗಿಯ ಮೇಲೆ ದೂರು ಉಳಿದರೆ, ಅಕ್ಕ ಅದನ್ನು ಎಲ್ಲರಿಗೂ ಹೋಗುವ ಸುತ್ತೋಲೆಯಾಗಲು ಬಿಡುವುದಿಲ್ಲ. ಯಾರ ಜೊತೆ ಆ ವ್ಯಕ್ತಿಗೆ ಸಲಿಗೆಯೋ ಅವರ ಕೈಲಿ, ಇಬ್ಬರೇ ಇರುವಾಗ, ಒಂದೇ ಮಾತು ಹೇಳಿಸುತ್ತಾರೆ. ಕಾಯಿಲೆಯಿಂದಲೂ ಔಷಧಿಯಿಂದಲೂ ಮೈವಾಸನೆ ಬರಬಹುದೆಂಬುದು ಅವರಿಗೆ ಗೊತ್ತು.

ಇತ್ತೀಚೆಗೆ ಬಂದ ದೂರು ವಿಚಿತ್ರವಾಗಿತ್ತು. ಟಾಯ್ಲೆಟ್ ಸ್ವಚ್ಛ, ಟ್ರ್ಯಾಪ್ ತುಂಬಿದೆ, ಆದರೆ ಬೆಳಿಗ್ಗೆ ಫ್ಲಷ್ ಮಾಡಿದ ಕೂಡಲೇ ಮೊಟ್ಟೆ ನಾತ. ಅಕ್ಕ ಫ್ಲಷ್ ಟ್ಯಾಂಕಿನ ಮುಚ್ಚಳ ತೆಗೆದು ನೀರನ್ನೇ ಮೂಸಿದರು. ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಬೇಸ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ, ಶುದ್ಧಮಾಡಿದ ನೀರೇ ಬೇರೆ ಪೈಪಿನಲ್ಲಿ ಫ್ಲಷ್‌ಗೆ ವಾಪಸು ಬರುತ್ತದೆ. ಅಲ್ಲಿ ಕರೆಂಟು ಉಳಿಸಲೆಂದು ರಾತ್ರಿಯಿಡೀ ಬ್ಲೋವರ್ ನಿಲ್ಲಿಸುತ್ತಿದ್ದರು. ಗಾಳಿಯಿಲ್ಲದೆ ಟ್ಯಾಂಕಿನ ಒಳ್ಳೆಯ ಬ್ಯಾಕ್ಟೀರಿಯಾ ಸೊರಗಿ, ಆಮ್ಲಜನಕ ಬೇಡದ ಜಾತಿಯವು ಹೈಡ್ರೋಜನ್ ಸಲ್ಫೈಡ್ ಮಾಡಲು ಶುರುಮಾಡಿದ್ದವು. ಬ್ಲೋವರ್ ರಾತ್ರಿಯೂ ಓಡಿತು, ಕೆಲವೇ ದಿನಗಳಲ್ಲಿ ನಾತ ಹೋಯಿತು. ಆದರೆ ಮೂಗನ್ನೇ ನೆಚ್ಚಿರುವ ಅಕ್ಕ ಆ ಎಸ್‌ಟಿಪಿ ಕೋಣೆಯಲ್ಲಿ ಮಾತ್ರ ಮೂಗನ್ನು ನಂಬುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ವಿಪರೀತ ನಾರುತ್ತದೆ. ಹತ್ತು ಲಕ್ಷಕ್ಕೆ ನೂರು ಪಾಲಿನ ಆಸುಪಾಸು ಏರಿದರೆ ಮೂಗನ್ನೇ ಮರಗಟ್ಟಿಸುತ್ತದೆ, ನಾತ ಹೋಯಿತು ಎಂದು ನೆಮ್ಮದಿಪಟ್ಟವನು ಅಲ್ಲೇ ಕುಸಿಯುತ್ತಾನೆ. ಮ್ಯಾನ್‌ಹೋಲಿಗೆ ಇಳಿದ ಒಬ್ಬನನ್ನು ಎತ್ತಲು ಹೋದ ಇನ್ನಿಬ್ಬರೂ ಸಾಯುವುದು ಹೀಗೆ. ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಅಲ್ಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ; ಸಾವುಗಳು ಮಾತ್ರ ನಿಂತಿಲ್ಲ. ನಮ್ಮ ಕಟ್ಟಡದಲ್ಲಿ ಎಸ್‌ಟಿಪಿ ಕೋಣೆಯ ಬಾಗಿಲ ಬೀಗದ ಕೈ ಅಕ್ಕನ ಬಳಿಯೇ ಇರುತ್ತದೆ. ಆಪರೇಟರ್ ಸೊಂಟಕ್ಕೆ ಗ್ಯಾಸ್ ಮೀಟರ್ ಸಿಕ್ಕಿಸಿಕೊಂಡು ಬಂದು ತೋರಿಸದ ಹೊರತು ಅದು ಅವರ ಸೆರಗಿನ ಗಂಟಿನಿಂದ ಹೊರಬರುವುದಿಲ್ಲ.