ಮಂಗಳೂರಿನ ಮತಪೆಟ್ಟಿಗೆ: ಏಳು ದಶಕಗಳ ಹಿನ್ನೋಟ

ಘಟ್ಟದ ಮೇಲಿನ ನಮ್ಮ ಜಿಲ್ಲೆಗಳಲ್ಲಿ ಚುನಾವಣೆಯ ಮಾತು ಬಂದೊಡನೆ ಲೆಕ್ಕದ ಪುಸ್ತಕವೊಂದು ತೆರೆದುಕೊಳ್ಳುತ್ತದೆ. ಈ ಕ್ಷೇತ್ರದಲ್ಲಿ ಲಿಂಗಾಯತರೆಷ್ಟು, ಒಕ್ಕಲಿಗರೆಷ್ಟು, ಕುರುಬರೆಷ್ಟು ಎಂದು ಕೂಡಿಸಿ ಕಳೆದು, ಮತದಾನಕ್ಕೆ ತಿಂಗಳಿರುವಾಗಲೇ ಫಲಿತಾಂಶ ಹೇಳಿಬಿಡುವ ಪಂಡಿತರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಮಂಗಳೂರನ್ನು ಸೇರಿದರೆ ಆ ಪುಸ್ತಕ ಕೆಲಸಕ್ಕೆ ಬಾರದು. ಅಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಗೌಡ ಸಾರಸ್ವತರು, ಕೆಥೋಲಿಕ್ ಕ್ರೈಸ್ತರು, ಬ್ಯಾರಿಗಳು ನೆರೆಹೊರೆಯಾಗಿ ಬಾಳುತ್ತಾರೆ. ಬೀದಿಯಲ್ಲಿ ತುಳು, ಮನೆಯೊಳಗೆ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ. ನೌಕರಿ, ವ್ಯಾಪಾರ, ವೈದ್ಯಕೀಯ ಶಿಕ್ಷಣಗಳ ನಿಮಿತ್ತ ಅಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳು ಎಣಿಕೆಯಲ್ಲಿ ಅಲ್ಪ. ಹೀಗಿರುವ ನಗರವೊಂದು ತನ್ನ ಶಾಸಕನನ್ನು ಆರಿಸಿಕೊಂಡ ಬಗೆಯನ್ನು ನಾವು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

1952ರ ಪ್ರಥಮ ಮಹಾಚುನಾವಣೆಯಲ್ಲಿ ಮಂಗಳೂರಿಗರು ಆರಿಸಿ ಕಳುಹಿಸಿದ್ದು ಬೆಂಗಳೂರಿಗಲ್ಲ, ಮದರಾಸಿಗೆ. ದಕ್ಷಿಣ ಕನ್ನಡವು ಆಗ ಮದರಾಸು ರಾಜ್ಯದ ಒಂದು ಜಿಲ್ಲೆ. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಆ ಗಾಯದ ನೋವು ಇನ್ನೂ ಹಸಿಯಾಗಿದ್ದಾಗಲೇ, 1957ರಲ್ಲಿ, ಮಂಗಳೂರಿಗರು ಮೊದಲ ಬಾರಿಗೆ ಮೈಸೂರು ರಾಜ್ಯದ ವಿಧಾನಸಭೆಗೆ ಮತ ಚಲಾಯಿಸಿದರು.

ಆ ಕಾಲದ ರಾಜಕಾರಣದ ಮೇಲೆ ಕಾಂಗ್ರೆಸ್ಸಿನ ಛಾಯೆ ದಟ್ಟವಾಗಿತ್ತು. ಶಾಸಕರಿಗಿಂತ ಲೋಕಸಭಾ ಸದಸ್ಯ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರೇ ಇಂದಿಗೂ ಜನರ ನಾಲಿಗೆಯ ಮೇಲಿದೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ತೆರೆಯಲು, ಪಣಂಬೂರಿನಲ್ಲಿ ಹೊಸ ಬಂದರು ಆಗಲು ಅವರು ಪಟ್ಟ ಶ್ರಮ ಪ್ರಸಿದ್ಧವಾದುದು. ಬಂದರನ್ನು ಇಂದಿರಾ ಗಾಂಧಿಯವರು ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಮಲ್ಯರು 1965ರಲ್ಲೇ ತೀರಿಕೊಂಡಿದ್ದರು. ತಾನು ನೆಟ್ಟ ಗಿಡದ ನೆರಳನ್ನು ಕಾಣದೆ ಹೋದವರು ಅವರು.

ಎಪ್ಪತ್ತರ ದಶಕದಲ್ಲಿ ಕರಾವಳಿಯನ್ನು ಅಲುಗಾಡಿಸಿದ್ದು ಭೂಸುಧಾರಣೆ. ಗೇಣಿದಾರರೇ ತುಂಬಿದ್ದ ಈ ಜಿಲ್ಲೆಯಲ್ಲಿ 1974ರ ಕಾನೂನು ತಂದ ಬದಲಾವಣೆ ಬೇರೆಡೆ ಕಂಡುದಕ್ಕಿಂತ ಆಳವಾದುದು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಭೂಸುಧಾರಣೆಯ ಹೊಣೆ ಹೊತ್ತಿದ್ದ ಬಿ. ಸುಬ್ಬಯ್ಯ ಶೆಟ್ಟರು ನಗರದ ಉತ್ತರಕ್ಕಿರುವ ಸುರತ್ಕಲ್ ಕ್ಷೇತ್ರದವರೇ. ಒಡೆಯರ ಕುಲವೆಂದು ಹೆಸರಾದ ಬಂಟ ಸಮಾಜದವರೊಬ್ಬರು ಆ ಕೆಲಸಕ್ಕೆ ನಿಂತದ್ದನ್ನು ನಾವು ಮೆಚ್ಚಲೇಬೇಕು. ನಗರದಲ್ಲಿ 1972ರಲ್ಲಿ ಎಡ್ಡಿ ಸಲ್ಡಾನ್ಹಾ, 1978ರಲ್ಲಿ ಪಿ.ಎಫ್. ರೊಡ್ರಿಗಸ್ ಆರಿಸಿ ಬಂದರು. ಇಬ್ಬರೂ ಕಾಂಗ್ರೆಸ್ಸಿನವರು.

1983ರ ಚುನಾವಣೆ ಮಂಗಳೂರಿನ ಇತಿಹಾಸದಲ್ಲಿ ಒಂದು ತಿರುವು. ರಾಜ್ಯದಲ್ಲಿ ಕಾಂಗ್ರೆಸ್ಸು ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡು, 95 ಸ್ಥಾನ ಗಳಿಸಿದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಭಾರತೀಯ ಜನತಾ ಪಕ್ಷಕ್ಕೆ ದೊರೆತುದು 18 ಸ್ಥಾನ, ಮಂಗಳೂರು ಅವುಗಳಲ್ಲೊಂದು. ಗೆದ್ದವರು ವೇಣೂರು ಕಡೆಯ ಯುವಕ ವಿ. ಧನಂಜಯ ಕುಮಾರ್. ಅವರು ಜೈನರು, ನಗರದಲ್ಲಿ ಜೈನರ ಸಂಖ್ಯೆ ಗಣನೆಗೇ ಬಾರದಷ್ಟು ಕಡಿಮೆ. ಜಾತಿಯ ಲೆಕ್ಕದ ಪುಸ್ತಕ ಇಲ್ಲಿ ನಡೆಯದೆಂದು ನಾವು ಹೇಳಿದ್ದು ಇದಕ್ಕಾಗಿಯೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ಚುನಾವಣೆಯಲ್ಲಿ ನೇತ್ರಾವತಿಯ ಆಚೆ ದಡದ ಉಳ್ಳಾಲ ಕ್ಷೇತ್ರ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಪಿ. ರಾಮಚಂದ್ರ ರಾವ್ ಅವರನ್ನು ಆರಿಸಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿದಂದಿನಿಂದ ಹೊಳೆಯ ಎರಡೂ ದಡಗಳಲ್ಲಿ ಬೆಳೆದ ಹೆಂಚಿನ ಕೆಲಸಗಾರರ, ಬೀಡಿ ಕಟ್ಟುವವರ ಸಂಘಟನೆಗಳು ಎಡಪಕ್ಷಗಳಿಗೆ ಅಲ್ಲಿ ನೆಲೆ ಕೊಟ್ಟಿದ್ದವು. ಒಂದು ಸೇತುವೆಯ ಈಚೆಗೆ ಕಮಲ, ಆಚೆಗೆ ಕುಡುಗೋಲು ಸುತ್ತಿಗೆ. ಬೆಂಗಳೂರಿನಲ್ಲಿ ಈ ಎರಡೂ ಪಕ್ಷಗಳು ಹೊರಗಿನಿಂದ ಒಂದೇ ಹೆಗಡೆ ಸರಕಾರಕ್ಕೆ ಹೆಗಲು ಕೊಟ್ಟವು!

1985ರಲ್ಲಿ ಹೆಗಡೆಯವರ ಅಲೆ ಎದ್ದು ಜನತಾ ಪಕ್ಷ 139 ಸ್ಥಾನಗಳಿಗೆ ಏರಿತು. ಭಾರತೀಯ ಜನತಾ ಪಕ್ಷ ಎರಡಕ್ಕಿಳಿಯಿತು. ಮಂಗಳೂರು ಆ ಅಲೆಗೂ ಮಣಿಯದೆ ಕಾಂಗ್ರೆಸ್ಸಿನ ಬ್ಲೇಸಿಯಸ್ ಡಿಸೋಜರನ್ನು ಗೆಲ್ಲಿಸಿತು. 1983, 1985, 1994 ಈ ಮೂರು ಚುನಾವಣೆಗಳಲ್ಲಿ ಜನತಾ ಪರಿವಾರ ರಾಜ್ಯದ ಗದ್ದುಗೆ ಹಿಡಿದರೂ ನಗರ ಒಮ್ಮೆಯೂ ಅದರತ್ತ ಒಲಿಯಲಿಲ್ಲ. ಅದಕ್ಕೆ ಕಾರಣವನ್ನು ನಾವು ಹೀಗೆ ಊಹಿಸುತ್ತೇವೆ: ಜನತಾ ಪರಿವಾರ ನಿಂತದ್ದು ರೈತನ ಹೆಸರಿನ ಮೇಲೆ; ಬ್ಯಾಂಕು, ಬಂದರು, ಹೊಟೇಲು, ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಬದುಕುವ ಊರಿಗೆ ಆ ಮಾತು ಮುಟ್ಟಲಿಲ್ಲ.

1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ಸು 224ರಲ್ಲಿ 178 ಸ್ಥಾನ ಗೆದ್ದುದು ನಮ್ಮ ಓದುಗರಿಗೆ ಮರೆಯುವಂಥದಲ್ಲ. ಆಗಲೂ ಮಂಗಳೂರಿನಲ್ಲಿ ಗೆದ್ದವರು ಬ್ಲೇಸಿಯಸ್ ಡಿಸೋಜರೇ. ಮುಂದೆ ಅವರು ಮಂತ್ರಿಯೂ ಆದರು. 1990ರ ಅಕ್ಟೋಬರಿನಲ್ಲಿ ಅಸ್ವಸ್ಥರಾಗಿದ್ದ ಪಾಟೀಲರನ್ನು ಇಳಿಸಿದ ರೀತಿ ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಎಬ್ಬಿಸಿದ ಬೇಗುದಿ ಎಂಥದೆಂಬುದನ್ನು ಬರೆದು ತಿಳಿಸಬೇಕಿಲ್ಲ. ಅದೇ ವರ್ಷಗಳಲ್ಲಿ ಕರಾವಳಿಯೂ ಕಾಂಗ್ರೆಸ್ಸಿನಿಂದ ದೂರ ಸರಿಯುತ್ತಿತ್ತು, ಆದರೆ ಬೇರೆಯೇ ಕಾರಣಕ್ಕೆ. 1968ರಲ್ಲೇ ಉಡುಪಿ ಪುರಸಭೆಯನ್ನು ಗೆದ್ದಿದ್ದ ಜನಸಂಘದ ಬೇರು, ಅಯೋಧ್ಯಾ ಚಳವಳಿಯ ಬಿಸಿ, ಊರೂರಿನ ಸಂಘಟನೆ ಇವೆಲ್ಲ ಸೇರಿ 1991ರ ಲೋಕಸಭಾ ಚುನಾವಣೆಯಲ್ಲಿ ಸಾಲಮೇಳದ ಖ್ಯಾತಿಯ ಜನಾರ್ದನ ಪೂಜಾರಿಯವರನ್ನೇ ಧನಂಜಯ ಕುಮಾರರು ಸೋಲಿಸುವಂತಾಯಿತು. 1977ರಿಂದ ನಾಲ್ಕು ಬಾರಿ ಸತತವಾಗಿ ಗೆದ್ದಿದ್ದವರು ಪೂಜಾರಿ. ಆ ಬಳಿಕ 2024ರವರೆಗೂ ಆ ಲೋಕಸಭಾ ಸ್ಥಾನ ಕಾಂಗ್ರೆಸ್ಸಿನ ಕೈಗೆ ಮರಳಿ ಬಂದಿಲ್ಲ. ಘಟ್ಟದ ಮೇಲಿನ ಮುನಿಸು, ಘಟ್ಟದ ಕೆಳಗಿನ ಸಂಘಟನೆ ಇವೆರಡೂ ಒಂದೇ ಪಾತ್ರದಲ್ಲಿ ಕೂಡಿ ಹರಿದುದರ ಫಲವೇ 2008ರಲ್ಲಿ ಯಡಿಯೂರಪ್ಪನವರ ಸರಕಾರ ಎಂಬುದು ನಮ್ಮ ಅಭಿಪ್ರಾಯ.

1994ರಲ್ಲಿ ಎನ್. ಯೋಗೀಶ್ ಭಟ್ ನಗರವನ್ನು ಗೆದ್ದರು. 1999, 2004, 2008ರಲ್ಲಿಯೂ ಅವರದೇ ಗೆಲುವು. ಮುಂದೆ ವಿಧಾನಸಭೆಯ ಉಪಸಭಾಧ್ಯಕ್ಷರೂ ಆದರು. 1994ರಲ್ಲೇ ಸುರತ್ಕಲ್ಲಿನಿಂದ ಆರಿಸಿ ಬಂದವರು ಯಕ್ಷಗಾನದ ಹಿರಿಯ ಅರ್ಥಧಾರಿ ಕುಂಬಳೆ ಸುಂದರ ರಾವ್. ರಂಗಸ್ಥಳದಲ್ಲಿ ಕೃಷ್ಣನಾಗಿಯೋ ಕೌರವನಾಗಿಯೋ ಮಾತಿನ ಮಳೆಗರೆದ ಕಲಾವಿದ ಶಾಸನಸಭೆಯ ಬೆಂಚಿನಲ್ಲಿ ಕುಳಿತದ್ದು ಕರಾವಳಿಗಷ್ಟೇ ಸಾಧ್ಯ. ಉಳ್ಳಾಲದ ಕಡೆಗೂ ಇಂಥದೇ ಒಂದು ಹೆಮ್ಮೆಯಿದೆ: 1967, 1985, 1989ರಲ್ಲಿ ಅಲ್ಲಿನ ಶಾಸಕರಾಗಿದ್ದ ಬಿ.ಎಂ. ಇದಿನಬ್ಬ ಕನ್ನಡದ ಕವಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷತೆಯನ್ನೂ ವಹಿಸಿದ್ದವರು.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೆಸರುಗಳು ಅದಲುಬದಲಾದವು. ಹಂಪನಕಟ್ಟೆ, ರಥಬೀದಿ, ಬಂದರು, ಕದ್ರಿ, ಜೆಪ್ಪು ಇವೆಲ್ಲ ಇರುವ ಹಳೆಯ ಮಂಗಳೂರು ಕ್ಷೇತ್ರ ‘ಮಂಗಳೂರು ನಗರ ದಕ್ಷಿಣ’ವಾಯಿತು, ಸುರತ್ಕಲ್ ‘ಮಂಗಳೂರು ನಗರ ಉತ್ತರ’ವಾಯಿತು, ನೇತ್ರಾವತಿಯ ಆಚೆಗಿನ ಉಳ್ಳಾಲಕ್ಕೆ ಬರೀ ‘ಮಂಗಳೂರು’ ಎಂಬ ಹೆಸರು ದಕ್ಕಿತು. ಊರು ಒಂದು ಕಡೆ, ಅದರ ಹೆಸರು ಹೊಳೆಯಾಚೆ! ಪತ್ರಿಕೆಯಲ್ಲಿ ಫಲಿತಾಂಶ ಓದುವ ಹೊರಗಿನವರು ಇಂದಿಗೂ ಗೊಂದಲಗೊಳ್ಳುತ್ತಾರೆ.

2013ರ ಚುನಾವಣೆಯ ಹೊತ್ತಿಗೆ ಭಾರತೀಯ ಜನತಾ ಪಕ್ಷ ಒಡೆದಿತ್ತು. 2008ರ ಚರ್ಚ್ ದಾಳಿಗಳ, 2009ರ ಪಬ್ ದಾಳಿಯ ಕಹಿಯೂ ನಗರದ ಮನಸ್ಸಿನಲ್ಲಿತ್ತು. ಜಿಲ್ಲೆಯ 8 ಸ್ಥಾನಗಳಲ್ಲಿ 7 ಕಾಂಗ್ರೆಸ್ಸಿಗೆ ಹೋದವು. ಮಹಾನಗರಪಾಲಿಕೆಯ ಆಯುಕ್ತರಾಗಿದ್ದ ಜೆ.ಆರ್. ಲೋಬೊ ನಗರ ದಕ್ಷಿಣದಲ್ಲಿ ಯೋಗೀಶ್ ಭಟ್ಟರನ್ನು 12 ಸಾವಿರಕ್ಕೂ ಮಿಕ್ಕಿದ ಮತಗಳಿಂದ ಸೋಲಿಸಿದರು. ಐದೇ ವರ್ಷಕ್ಕೆ ತಕ್ಕಡಿ ತಲೆಕೆಳಗಾಗಿ, 2018ರಲ್ಲಿ 8ರಲ್ಲಿ 7 ಭಾರತೀಯ ಜನತಾ ಪಕ್ಷದ ಪಾಲಾದವು. ಡಿ. ವೇದವ್ಯಾಸ ಕಾಮತ್ ಲೋಬೊ ಅವರನ್ನು 16 ಸಾವಿರ ಮತಗಳಿಂದ ಹಿಂದಿಕ್ಕಿದರು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸು 135 ಸ್ಥಾನ ಗೆದ್ದರೂ ನಗರ ದಕ್ಷಿಣ ಅದರೊಡನೆ ಹೋಗಲಿಲ್ಲ. ಅದೇ ಇಬ್ಬರ ಸ್ಪರ್ಧೆಯಲ್ಲಿ ಕಾಮತರ ಅಂತರ ಸುಮಾರು 24 ಸಾವಿರಕ್ಕೆ ಹಿಗ್ಗಿತು. ಹೊಳೆಯಾಚೆ ಮಾತ್ರ 2007ರ ಉಪಚುನಾವಣೆಯಿಂದ ಗೆಲ್ಲುತ್ತಲೇ ಬಂದ ಯು.ಟಿ. ಖಾದರ್ ಐದನೆಯ ಬಾರಿಗೆ ಆರಿಸಿ ಬಂದು, ಆ ವರ್ಷದ ಮೇ ತಿಂಗಳಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾದರು.

ಇಷ್ಟು ದೀರ್ಘ ಇತಿಹಾಸದಲ್ಲಿ ನಮ್ಮನ್ನು ಚುಚ್ಚುವ ಎರಡು ಸಂಗತಿಗಳುಂಟು. ಅಕ್ಷರಸ್ಥರ ನಗರವೆಂದು ಹೆಸರಾದ ಮಂಗಳೂರು ದಕ್ಷಿಣದಲ್ಲಿ ಮತಗಟ್ಟೆಗೆ ಬರುವವರ ಪ್ರಮಾಣ ಜಿಲ್ಲೆಯ ಹಳ್ಳಿಗಳಿಗಿಂತ ಕಡಿಮೆ. ಸುಳ್ಯದ ಕಾಡಂಚಿನ ಕೃಷಿಕ ಮೈಲುಗಟ್ಟಲೆ ನಡೆದು ಬಂದು ಮತ ಹಾಕುವಾಗ, ಬಹುಮಹಡಿಯ ಕಟ್ಟಡದಲ್ಲಿರುವವರಿಗೆ ಎದುರಿನ ಶಾಲೆಯೂ ದೂರವಾಗುತ್ತದೆ. ಎರಡನೆಯದು, 1972ರಿಂದ ಈಚೆಗೆ ನಗರದ ಈ ಕ್ಷೇತ್ರದಿಂದ ಮಹಿಳೆಯೊಬ್ಬರೂ ವಿಧಾನಸಭೆಗೆ ಹೋಗಿಲ್ಲ. ನೆರೆಯ ಪುತ್ತೂರು 2004ರಲ್ಲಿ ಒಂದು ಪಕ್ಷದಿಂದ, 2013ರಲ್ಲಿ ಇನ್ನೊಂದು ಪಕ್ಷದಿಂದ ಶಕುಂತಲಾ ಶೆಟ್ಟಿಯವರನ್ನು ಆರಿಸಿತು. ಮಂಗಳೂರು ಮಹಾನಗರಪಾಲಿಕೆಯಲ್ಲಿ ಮೀಸಲಾತಿಯ ಬಲದಿಂದ ಹಲವು ತಾಯಂದಿರು ಮೇಯರ್ ಗೌನು ಧರಿಸಿ ನಗರದ ಆಡಳಿತ ನಡೆಸಿದ್ದಾರೆ. ಆದರೆ ಟಿಕೇಟು ಹಂಚುವ ಹೊತ್ತಿಗೆ ಎರಡೂ ದೊಡ್ಡ ಪಕ್ಷಗಳಿಗೆ ಅವರ ನೆನಪಾಗುವುದಿಲ್ಲ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಮೀಸಲಿಡುವ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅದು ಜಾರಿಗೆ ಬರಬೇಕಾದುದು ಜನಗಣತಿ ಮತ್ತು ಅದನ್ನನುಸರಿಸುವ ಪುನರ್ವಿಂಗಡಣೆಯ ನಂತರ. ಆಗ ಹಂಪನಕಟ್ಟೆಯ ಸುತ್ತಲಿನ ಗಡಿರೇಖೆಗಳೂ ಮತ್ತೊಮ್ಮೆ ಅಳಿಸಿ ಬರೆಯಲ್ಪಡಬಹುದು. ಹೊಳೆ ದಾಟಿ ಹೋದ ಊರಿನ ಹೆಸರು ಊರಿಗೆ ಮರಳುವುದೋ ಇಲ್ಲವೋ ಆಗ ತಿಳಿಯುತ್ತದೆ.