ನೀರು ಹೀರುವ ಒಳಹಾಸು

ಬಸವೇಶ್ವರನಗರದ ನಮ್ಮ ಮನೆಯಿಂದ ಕೆಂಗೇರಿಯ ಮದುವೆಯ ಛತ್ರಕ್ಕೆ ಹೆಚ್ಚೆಂದರೆ ಒಂದು ಗಂಟೆಯ ಪ್ರಯಾಣ. ಕಳೆದ ವರ್ಷ ಅಲ್ಲಿ ಹತ್ತಿರದ ಬಂಧುಗಳ ಮದುವೆಯೊಂದು ಗೊತ್ತಾದಾಗ, 78 ವರ್ಷದ ನಮ್ಮ ತಂದೆಯವರು ಬರಲೊಲ್ಲೆನೆಂದರು. “ನಾನು ಮನೇಲೇ ಇರ್ತೀನಿ ಕಣಪ್ಪಾ, ನೀವೆಲ್ಲ ಹೋಗಿಬನ್ನಿ” ಎಂದರೇ ಹೊರತು ಕಾರಣ ಹೇಳಲಿಲ್ಲ. ಕಾರಣ ನಮಗೆ ತಿಳಿಯದ್ದೇನೂ ಅಲ್ಲ. ಮೂತ್ರದ ಮೇಲಿನ ಹತೋಟಿ ತಪ್ಪಿ, ಅವರು ಡೈಪರು ಧರಿಸತೊಡಗಿ ಆರು ತಿಂಗಳಾಗಿತ್ತು. ಮೂರು ಗಂಟೆ ಕಳೆಯುವಷ್ಟರಲ್ಲಿ ಅದು ಸೋರಿ ಪಂಚೆಯನ್ನು ನೆನೆಸುತ್ತಿತ್ತು. ಆ ಅಂಜಿಕೆಯಿಂದ ಅವರು ಮೊದಲು ಸಂಜೆಯ ತಿರುಗಾಟವನ್ನು ಬಿಟ್ಟರು. ಆಮೇಲೆ ನೀರು ಕುಡಿಯುವುದನ್ನೇ ಕಡಮೆ ಮಾಡಿದರು. ಮೊದಲನೆಯದು ಬೇಸರದ ಸಂಗತಿ, ಎರಡನೆಯದು ಅಪಾಯದ ಸಂಗತಿ. ನೀರು ಸಾಲದ ದೇಹದಲ್ಲಿ ಮೂತ್ರವು ಮಂದವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ; ಸೋಂಕಿಗೂ ಮಲಬದ್ಧತೆಗೂ ದಾರಿಯಾಗುತ್ತದೆ.

ಡೈಪರಿನೊಳಗೆ ಇರಿಸುವ ‘ಬೂಸ್ಟರ್ ಪ್ಯಾಡು’ ಎಂಬ ಒಳಹಾಸು ಉಂಟೆಂದು ಯಾರೋ ಹೇಳಿದರು. ಅಂಗಡಿಯೊಂದರಲ್ಲಿ ಪ್ಯಾಡು ಕೇಳಿ ತಂದೆ. ಇಟ್ಟ ದಿನವೇ ಸೋರಿಕೆ ಹೆಚ್ಚಾಯಿತು! ಕಾಲೇಜಿನಲ್ಲಿ ದ್ರವಗಳ ಗುಣಗಳನ್ನು ಬೋಧಿಸುವ ನಾನು, ತಂದ ವಸ್ತುವನ್ನು ಒಮ್ಮೆ ತಿರುಗಿಸಿಯೂ ನೋಡಿರಲಿಲ್ಲ. ನಾಚಿಕೆಯಿಂದಲೇ ಅದನ್ನು ಕತ್ತರಿಸಿ ಪದರ ಪದರವಾಗಿ ಬಿಡಿಸಿದೆ. ಆಗ ಕಲಿತುದನ್ನು, ಇಂಥದೇ ತೊಂದರೆಯಲ್ಲಿರುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ದೀಪದ ಬತ್ತಿಯಿಂದ ಆರಂಭ

ದೇವರ ಮುಂದಿನ ದೀಪದಲ್ಲಿ ಎಣ್ಣೆಯು ಬತ್ತಿಯ ಎಳೆಗಳ ನಡುವೆ ಮೇಲಕ್ಕೇರುವುದನ್ನು ಎಲ್ಲರೂ ಬಲ್ಲರು. ಕೂದಲಿನಂಥ ಕಿರಿದಾದ ಸಂದಿಗಳಲ್ಲಿ ದ್ರವವು ತಾನಾಗಿ ನುಗ್ಗುವ ಈ ಗುಣಕ್ಕೆ ಕೇಶಾಕರ್ಷಣೆ ಎಂದು ಹೆಸರು. ಸಂದಿ ಕಿರಿದಾದಷ್ಟೂ ದ್ರವ ಎತ್ತರಕ್ಕೆ ಏರುತ್ತದೆಂಬ ನಿಯಮವನ್ನು 1718ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜುರಿನ್ ತಿಳಿಸಿದನು. ಒಂದು ಮಿಲಿಮೀಟರು ರಂಧ್ರದ ಗಾಜಿನ ನಳಿಗೆಯಲ್ಲಿ ನೀರು ಸುಮಾರು 3 ಸೆಂಟಿಮೀಟರು ಏರಿದರೆ, ಅದರ ಹತ್ತನೆಯ ಒಂದು ಪಾಲಿನ ರಂಧ್ರದಲ್ಲಿ ಸುಮಾರು 30 ಸೆಂಟಿಮೀಟರು ಏರಬಲ್ಲುದು.

ಡೈಪರಿನ ಹೊಟ್ಟೆಯಲ್ಲಿರುವ, ಹತ್ತಿಯಂತೆ ಕಾಣುವ ಮರದ ತಿರುಳಿನ ನಾರೂ ಹೀಗೆಯೇ ಕೆಲಸ ಮಾಡುತ್ತದೆ. ಒಂದೆಡೆ ಬಿದ್ದ ದ್ರವವನ್ನು ಅದು ಬೇಗನೆ ಹೀರಿ ಸುತ್ತಲೂ ಹರಡುತ್ತದೆ. ಆದರೆ ಅದಕ್ಕೊಂದು ದೋಷವುಂಟು: ಒತ್ತಿದರೆ ಹೀರಿದ್ದನ್ನು ಬಿಟ್ಟುಕೊಡುತ್ತದೆ. 60 ಕಿಲೋಗ್ರಾಂ ತೂಕದ ವ್ಯಕ್ತಿಯ ಭಾರವೆಲ್ಲ ಕುರ್ಚಿಯ ಮೇಲೆ ಸುಮಾರು 1000 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಬಿದ್ದಿತೆನ್ನೋಣ. ಒಂದೊಂದು ಚದರ ಸೆಂಟಿಮೀಟರಿಗೆ 60 ಗ್ರಾಂ ಭಾರ ಬೀಳುತ್ತದೆ. ಎಂದರೆ 60 ಸೆಂಟಿಮೀಟರು ಎತ್ತರದ ನೀರಿನ ಕಂಬದ ಒತ್ತಡ. ಮೇಲೆ ಹೇಳಿದ ಕಿರುನಳಿಗೆ ಹಿಡಿದಿಡಬಲ್ಲುದು ಅದರ ಅರ್ಧವನ್ನು ಮಾತ್ರ. ಹಳೆಯ ಪಂಚೆಯ ಬಟ್ಟೆಯನ್ನು ಎಷ್ಟು ಮಡಿಕೆ ಮಾಡಿ ಇಟ್ಟರೂ ಕುಳಿತೊಡನೆ ತೇವ ಹೊರಬರುವುದೇಕೆಂದು ಈಗ ತಿಳಿಯಿತಲ್ಲವೆ?

ಕಾಮಕಸ್ತೂರಿಯ ಪಾಠ

ಬೇಸಗೆಯಲ್ಲಿ ಪಾನಕಕ್ಕೆ ಹಾಕುವ ಕಾಮಕಸ್ತೂರಿಯ ಬೀಜವನ್ನು ನೆನೆಸಿ ನೋಡಿ. ಕೆಲವು ನಿಮಿಷಗಳಲ್ಲಿ ಪ್ರತಿಯೊಂದು ಬೀಜವೂ ಲೋಳೆಯ ಕವಚ ಧರಿಸಿ ಉಬ್ಬುತ್ತದೆ. ಆ ಲೋಳೆಯನ್ನು ಮೆಲ್ಲನೆ ಒತ್ತಿದರೆ ನೀರು ಸುಲಭವಾಗಿ ಹೊರಬಾರದು. ಡೈಪರಿನ ನಾರಿನ ನಡುವೆ ಬೆರೆಸಿರುವ, ಸಕ್ಕರೆಯಂತೆ ಕಾಣುವ ಬಿಳಿಯ ಹರಳುಗಳು ಮಾಡುವುದೂ ಇದನ್ನೇ. ಇವು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರಿನ ಕಣಗಳು. 1960ರ ದಶಕದಲ್ಲಿ, ಹೊಲದ ಮಣ್ಣಿನಲ್ಲಿ ತೇವ ಹಿಡಿದಿಡುವ ವಸ್ತುವನ್ನು ಅರಸುತ್ತಿದ್ದ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳ ಸಂಶೋಧನೆಯಿಂದ ಇಂಥ ವಸ್ತುಗಳ ದಾರಿ ತೆರೆಯಿತು; 1980ರ ದಶಕದಲ್ಲಿ ಅವು ಡೈಪರುಗಳನ್ನು ಪ್ರವೇಶಿಸಿದವು.

ಈ ಪಾಲಿಮರಿನ ಅಣುಗಳು ಉದ್ದವಾದ ಸರಪಣಿಗಳು. ಅಲ್ಲಲ್ಲಿ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿವೆ. ಬಲೆಯೊಳಗೆ ಸೋಡಿಯಂ ಅಯಾನುಗಳು ಸೆರೆಯಾಗಿವೆ. ಹೊರಗಿನ ನೀರು ಈ ಅಯಾನುಗಳಿರುವ ಕಡೆಗೆ ನುಗ್ಗುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ಉಬ್ಬಿಸುವ ಅಭಿಸರಣವೇ ಇದು. ಹೆಣಿಗೆ ಇರುವುದರಿಂದ ಬಲೆ ಕರಗಿಹೋಗದೆ ಹಿಗ್ಗುತ್ತದೆ. ಶುದ್ಧ ಜಲದಲ್ಲಿ ಇಂಥ ಕಣವು ತನ್ನ ತೂಕದ ಹಲವು ನೂರು ಪಟ್ಟು ನೀರನ್ನು ಹೀರಬಲ್ಲುದು.

ಆದರೆ ಮೂತ್ರವು ಶುದ್ಧ ಜಲವಲ್ಲ, ಅದರಲ್ಲಿ ಲವಣಗಳಿವೆ. ಹೊರಗೂ ಅಯಾನುಗಳಿದ್ದಾಗ ಒಳಗಿನ ಸೆಳೆತ ತಗ್ಗುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಅದೇ ಕಣ ಹೀರುವುದು ಸುಮಾರು 30ರಿಂದ 50 ಪಟ್ಟು ಮಾತ್ರ. ಮೇಲೆ ಭಾರವಿದ್ದರೆ ಇನ್ನೂ ಕಡಮೆ. ಇನ್ನೊಂದು ಮಾತು: ಉಬ್ಬಿದ ಕಣಗಳು ಒತ್ತೊತ್ತಾಗಿ ಸೇರಿದರೆ ನಡುವಿನ ದಾರಿಗಳೇ ಮುಚ್ಚಿಹೋಗುತ್ತವೆ. ಆಗ ಎರಡನೆಯ ಸಲ ಬಂದ ದ್ರವ ಒಳಗಿಳಿಯಲಾರದೆ ಅಂಚಿಗೆ ಹರಿಯುತ್ತದೆ. ಬೇಗ ಹೀರುವ ನಾರು, ಬಿಗಿಯಾಗಿ ಹಿಡಿಯುವ ಕಣ, ಇವೆರಡೂ ಹದವಾಗಿ ಬೆರೆತ ಹಾಸೇ ಒಳ್ಳೆಯ ಹಾಸು.

ತಪ್ಪಿದ್ದೆಲ್ಲಿ?

ನಾನು ತಂದಿದ್ದ ಪ್ಯಾಡಿನ ಬೆನ್ನಿಗೆ ಪ್ಲಾಸ್ಟಿಕ್ಕಿನ ತೆಳುಹಾಳೆ ಇತ್ತು. ಅದು ಒಳ ಉಡುಪಿನೊಳಗೆ ತಾನೊಂದೇ ಧರಿಸಲು ಮಾಡಿದ್ದು. ಅದನ್ನು ಡೈಪರಿನೊಳಗೆ ಇಟ್ಟರೆ, ತುಂಬಿದ ಮೇಲೆ ಉಕ್ಕಿದ ದ್ರವ ಕೆಳಗಿನ ಡೈಪರನ್ನು ಮುಟ್ಟದೆ, ಕೊಡೆಯ ಮೇಲಿನ ಮಳೆಯಂತೆ ಪಕ್ಕಕ್ಕೆ ಜಾರುತ್ತದೆ. ಒಂದರೊಳಗೊಂದು ಎರಡು ಡೈಪರು ತೊಡಿಸಿದರೂ ಇದೇ ಗತಿ. ನಿಜವಾದ ಬೂಸ್ಟರಿಗೆ ಇಂಥ ತಡೆಹಾಳೆ ಇರಕೂಡದು. ತಾನು ತುಂಬಿದೊಡನೆ ಉಳಿದುದನ್ನು ಕೆಳಗೆ ದಾಟಿಸಬೇಕು; ಮೇಲಿನ ಕೆರೆ ಕೋಡಿಬಿದ್ದು ಕೆಳಗಿನ ಕೆರೆಯನ್ನು ತುಂಬಿಸುವ ಹಾಗೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಇದಕ್ಕೆ ಪ್ರಯೋಗಶಾಲೆ ಬೇಡ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಅಳತೆಯ ಲೋಟ, ಉಪ್ಪು ಇದ್ದರೆ ಸಾಕು. ನೀರನ್ನು ಮಾತ್ರ ನೋಡಿಕೊಳ್ಳಿ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ ಅಯಾನು ಪಾಲಿಮರಿನ ಎರಡು ಸರಪಣಿಗಳನ್ನು ಒಟ್ಟಿಗೆ ಬಿಗಿದು, ಉಬ್ಬುವಿಕೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಶೋಧಿಸಿದ ಕುಡಿಯುವ ನೀರಿಗೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿ ಬಳಸುವುದು ಒಳ್ಳೆಯದು.

ಮೊದಲು ಬೇಕಾದದ್ದೆಷ್ಟು ಎಂಬುದನ್ನು ಅಳೆಯಿರಿ. ಒಣ ಡೈಪರನ್ನು ತೂಗಿ, ತೆಗೆದ ಮೇಲೆ ಮತ್ತೆ ತೂಗಿದರೆ, ವ್ಯತ್ಯಾಸದ ಒಂದೊಂದು ಗ್ರಾಮೂ ಸುಮಾರು ಒಂದು ಮಿಲಿಲೀಟರು. ನಮ್ಮ ತಂದೆಯವರ ಡೈಪರಿನ ಒಣ ತೂಕ 110 ಗ್ರಾಂ, ಸೋರತೊಡಗಿದಾಗ 520. ಎಂದರೆ ಅದು ಹಿಡಿದದ್ದು 410 ಮಿಲಿಲೀಟರು. ಸೋರುವ ಮೊದಲೇ ಬದಲಿಸುತ್ತ ಐದು ಗಂಟೆಗಳ ಮೊತ್ತ ತೆಗೆದರೆ 590 ಆಯಿತು. ಕೊರತೆ 180. ಹೀಗೆ ಮೂರು ದಿನ ತೂಗಿ, ಹೆಚ್ಚಿನ ಅಂಕಿಯನ್ನೇ ಹಿಡಿಯಬೇಕು.

ಎರಡನೆಯದಾಗಿ, ಹಾಸನ್ನು ತಟ್ಟೆಯ ಮೇಲೆ ಹರಡಿ ಉಪ್ಪುನೀರು ಸುರಿಯಿರಿ. ತುಂಬಿದ ಮೇಲೆ ಬೆನ್ನಿನಿಂದ ನೀರು ಜಿನುಗಿದರೆ ಅದು ಬೂಸ್ಟರು. ಅಂಚಿನಿಂದ ಮಾತ್ರ ಹರಿದರೆ ಅದು ಬೇರೆ ಪ್ಯಾಡು. ಮೂರನೆಯದಾಗಿ, ಹೊಸ ಹಾಸಿನ ನಡುವೆ ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟದಂತೆ ಎರಡು ಸಲ ಸುರಿದು, ಇಂಗುವುದಕ್ಕೆ ಹಿಡಿದ ಕಾಲವನ್ನು ಗಮನಿಸಿ. ಎರಡನೆಯ ಸಲ ಬಹಳ ತಡವಾದರೆ ಅಂಥದು ಬೇಡ. ಕೊನೆಗೆ, ತೂಗಿದ ಒಣ ಕಾಗದದ ಮಡಿಕೆಯನ್ನು ಅದರ ಮೇಲಿಟ್ಟು, ಮೂರು ಕಿಲೋ ಅಕ್ಕಿಯ ಚೀಲವನ್ನು ಒಂದು ನಿಮಿಷ ಹೇರಿ, ಕಾಗದವನ್ನು ಮತ್ತೆ ತೂಗಿ. ಕಾಗದದ ತೂಕ ಎಷ್ಟು ಕಡಮೆ ಏರಿತೋ ಚರ್ಮ ಅಷ್ಟು ಒಣಗಿರುತ್ತದೆ.

ಪೊಟ್ಟಣದ ಮೇಲಿನ ಅಂಕಿಯನ್ನು ಹಾಗೆಯೇ ನಂಬಬಾರದು. 1996ರ ಅಂತರರಾಷ್ಟ್ರೀಯ ಮಾನಕವೊಂದರ ವಿಧಾನದಲ್ಲಿ ಇಡೀ ವಸ್ತುವನ್ನು ದ್ರವದಲ್ಲಿ ಮುಳುಗಿಸಿ, ಬಸಿದು, ತೂಗುತ್ತಾರೆ. ಮನುಷ್ಯನಾದರೋ ಮುಳುಗಿ ಕುಳಿತಿರುವುದಿಲ್ಲ. ದ್ರವ ಒಂದೇ ಕಡೆ ಬೀಳುತ್ತದೆ, ಮೇಲೆ ಭಾರವೂ ಇರುತ್ತದೆ. ಆದುದರಿಂದ ನಾನು ಅರ್ಧವನ್ನು ಮಾತ್ರ ನಂಬಿ, 180ರ ಕೊರತೆಗೆ 400 ಎಂದು ಬರೆದಿದ್ದ ಹಾಸನ್ನು ಆರಿಸಿದೆ.

ಇಡುವ ಬಗೆ

ಹಾಸು ಡೈಪರಿನ ಎರಡು ಪಕ್ಕದ ಎಲಾಸ್ಟಿಕ್ ಗೋಡೆಗಳ ನಡುವೆ ಚಪ್ಪಟೆಯಾಗಿ ಹಿಡಿಸಬೇಕು. ಗೋಡೆಯ ಮೇಲೆ ಹತ್ತಿ ಕುಳಿತರೆ ಅದೇ ಸೋರಿಕೆಯ ಸೇತುವೆಯಾದೀತು. ಗಂಡಸರಿಗೆ ಮುಂಭಾಗಕ್ಕೆ, ಹೆಂಗಸರಿಗೆ ನಡುಭಾಗಕ್ಕೆ, ಅಂಗಾತ ಮಲಗುವವರಿಗೆ ಇನ್ನೂ ಸ್ವಲ್ಪ ಹಿಂದಕ್ಕೆ ಇಡುವುದು ವಾಡಿಕೆ. ಡೈಪರಿನ ಅರ್ಧಭಾಗ ಒಣಗಿದ್ದೂ ತೊಡೆಯ ಬಳಿ ಸೋರುತ್ತಿದ್ದರೆ ದೋಷ ಹೀರುವ ಶಕ್ತಿಯದಲ್ಲ, ಅಳತೆಯದು. ಅಲ್ಲಿ ಬೂಸ್ಟರು ದಪ್ಪವನ್ನು ಹೆಚ್ಚಿಸಿ ಸಂದಿಯನ್ನು ಇನ್ನೂ ಅಗಲ ಮಾಡುತ್ತದೆ. ಸರಿಯಾದ ಅಳತೆಯ ಡೈಪರೇ ಬೇಕು.

ನಮ್ಮ ಮನೆಗಳಲ್ಲಿ ಹಿರಿಯರ ಮೈಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯುಂಟು. ಎಣ್ಣೆ ಹಾಸಿಗೆ ಹತ್ತಿದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ದ್ರವ ಒಳಗಿಳಿಯದೆ ಉರುಳುತ್ತದೆ. ಆ ಭಾಗಕ್ಕೆ ಎಣ್ಣೆಯನ್ನಾಗಲಿ ದಪ್ಪನಾದ ಮುಲಾಮನ್ನಾಗಲಿ ಬಳಿಯಬಾರದು. ವೈದ್ಯರು ಹೇಳಿದ ಮುಲಾಮನ್ನು ತೆಳುವಾಗಿ ಸವರಿದರೆ ಸಾಕು. ಒಗೆದು ಬಳಸುವ ಬಟ್ಟೆಯ ಒಳಹಾಸುಗಳಿಗೆ, ಬಟ್ಟೆ ಮೃದುವಾಗಿಸುವ ದ್ರಾವಣವೂ ಇದೇ ಕೇಡನ್ನು ಮಾಡುತ್ತದೆ.

ಬೂಸ್ಟರು ಇದೆಯೆಂದು ಬದಲಿಸುವ ವೇಳೆಯನ್ನು ಮುಂದೂಡುತ್ತ ಹೋಗಬಾರದು. ಮೂತ್ರದ ಯೂರಿಯಾವನ್ನು ಸೂಕ್ಷ್ಮಜೀವಿಗಳು ಅಮೋನಿಯ ಮಾಡುತ್ತವೆ. ಚರ್ಮದ ಸಹಜ ಆಮ್ಲೀಯತೆ ಅಳಿದು ಹುಣ್ಣಿಗೆ ದಾರಿಯಾಗುತ್ತದೆ. ಮಲ ತಗುಲಿದರೆ ಕೂಡಲೇ ಬದಲಿಸಬೇಕು. ಉಪಯೋಗಿಸಿದ್ದನ್ನು ಶೌಚಕ್ಕೆ ಎಸೆದರೆ ಅದು ಕೊಳವೆಯೊಳಗೆ ಉಬ್ಬಿ ಕಟ್ಟಿಕೊಳ್ಳುತ್ತದೆ; ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಕಸದವರಿಗೆ ಪ್ರತ್ಯೇಕವಾಗಿ ಕೊಡಬೇಕು. ಉರಿ, ರಕ್ತ, ಜ್ವರ ಕಂಡರೆ ಅಥವಾ ಹತೋಟಿ ಇದ್ದಕ್ಕಿದ್ದಂತೆ ತಪ್ಪಿದರೆ, ಹಾಸು ಹುಡುಕುವ ಮೊದಲು ವೈದ್ಯರನ್ನು ಕಾಣಬೇಕು. ಹತೋಟಿ ತಪ್ಪುವುದಕ್ಕೆ ಎಷ್ಟೋ ವೇಳೆ ಚಿಕಿತ್ಸೆಯೂ ಉಂಟು.

ಮದುವೆಗೆ ತಂದೆಯವರು ಬಂದರು. ಊಟದ ಪಂಕ್ತಿಯಲ್ಲಿ ಬಡಿಸುವವನು ಮಜ್ಜಿಗೆ ತಂದಾಗ ಅವರು ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಎರಡು ಲೋಟ ಮಜ್ಜಿಗೆ ಕುಡಿದರು. ಐದು ಗಂಟೆಯ ಮೇಲೆ ಮನೆ ಸೇರಿದಾಗ ಪಂಚೆ ಒಣಗಿತ್ತು. ಅಂದಿನಿಂದ ಅವರ ಪಕ್ಕದಲ್ಲಿ ನೀರಿನ ಚೊಂಬು ಮತ್ತೆ ಬಂದು ಕುಳಿತಿದೆ.